ಓಬೋ ಊದುವವರು ಆನ್‌ಲೈನ್ ಕಛೇರಿಗಳಲ್ಲಿ ಏನು ನೋಡುತ್ತೀರಿ?

ಜೋಡಿರೀಡು:

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಪಿಯಾನೋ, ಪಿಟೀಲು, ಗಿಟಾರ್ ಬಗ್ಗೆ ಬೇಕಾದಷ್ಟು ಮಾತಾಗಿದೆ. ಓಬೋ, ಅಂದರೆ ಜೊಂಡಿನ ಎರಡು ತೆಳು ಪಟ್ಟಿಗಳ (ಜೋಡಿ ರೀಡು) ನಡುವೆ ಊದುವ ಪಾಶ್ಚಾತ್ಯ ಮರದ ವಾದ್ಯ, ಅದರ ಬಗ್ಗೆ ಯಾರೂ ಬರೆದಿದ್ದು ಕಾಣಲಿಲ್ಲ, ಅದಕ್ಕೆ ನಾನೇ ಶುರು ಮಾಡುತ್ತಿದ್ದೇನೆ.

ನಾನಿರುವುದು ಮೈಸೂರಿನಲ್ಲಿ. ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದ ಆರು ವರ್ಷ ಸಂಜೆ ತರಗತಿಗೆ ಹೋಗಿ ಓಬೋ ಕಲಿತೆ. ಅಲ್ಲಿನ ಒಂದು ಹವ್ಯಾಸಿ ವಾದ್ಯವೃಂದದಲ್ಲಿ ಎರಡನೇ ಓಬೋ ಊದುತ್ತಿದ್ದೆ. ಊರಿಗೆ ಮರಳಿದ ಮೇಲೆ ಪಕ್ಕದಲ್ಲಿ ಕೂತು ಊದುವವರು ಒಬ್ಬರೂ ಸಿಕ್ಕಿಲ್ಲ. ರಾತ್ರಿ ಊಟ ಮುಗಿದು ಮನೆಯವರು ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತೇನೆ. ಬರ್ಲಿನ್‌ನಲ್ಲಿ ಸಂಜೆ 7 ಅಂದರೆ ಚಳಿಗಾಲದಲ್ಲಿ ನಮಗೆ ರಾತ್ರಿ 11.30. ಬರ್ಲಿನ್ ಫಿಲ್ಹಾರ್ಮೋನಿಕ್‌ನ ಡಿಜಿಟಲ್ ಕಾನ್ಸರ್ಟ್ ಹಾಲ್‌ಗೆ ಚಂದಾ ಕಟ್ಟಿದ್ದೇನೆ. ಮಿಕ್ಕಿದ್ದೆಲ್ಲ ಉಚಿತವಾಗಿ ಸಿಗುವುದು: ಫ್ರಾಂಕ್‌ಫರ್ಟ್ ರೇಡಿಯೋ ವಾದ್ಯವೃಂದದ ಯೂಟ್ಯೂಬ್ ಚಾನೆಲ್, ಲಂಡನ್ನಿನ ವಿಗ್ಮೋರ್ ಹಾಲ್, ನೆದರ್‌ಲ್ಯಾಂಡ್ಸ್ ಬಾಖ್ ಸೊಸೈಟಿ ಬಾಖ್‌ನ ಅಷ್ಟೂ ಕೃತಿಗಳನ್ನು ಒಂದೊಂದಾಗಿ ನುಡಿಸಿ ಹಾಕುತ್ತಿರುವ ವಿಡಿಯೋಗಳು.

ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಸಭಾಂಗಣದಲ್ಲಿ ಎಷ್ಟೇ ದುಡ್ಡು ಕೊಟ್ಟು ಮುಂದಿನ ಸಾಲಿನಲ್ಲಿ ಕೂತರೂ ಓಬೋ ವಾದಕರ ಮುಖ ಕಾಣುವುದಿಲ್ಲ. ಅವರು ಪಿಟೀಲುಗಳ ಹಿಂದೆ, ವೇದಿಕೆಯ ನಡುಮಧ್ಯದಲ್ಲಿ ಕೂತಿರುತ್ತಾರೆ. ಕ್ಯಾಮೆರಾ ಅವರ ತುಟಿಯ ಹತ್ತಿರಕ್ಕೇ ಹೋಗುತ್ತದೆ. ಅಲ್ಲಿ ನನಗೆ ಕಾಣುವುದು ಉಸಿರು.

ಇದು ಯಾಕೆ ಮುಖ್ಯ ಅಂತ ಹೇಳುತ್ತೇನೆ. ಕೊಳಲು, ತುತ್ತೂರಿ ಊದುವವರಿಗೆ ಗಾಳಿ ಸಾಲದೆ ಬರುತ್ತದೆ. ಓಬೋದವರ ಕಷ್ಟ ತಿರುಗುಮುರುಗು. ಎರಡು ರೀಡುಗಳ ನಡುವಿನ ಸಂದು ಕೂದಲೆಳೆಯಷ್ಟು. ಅದರಲ್ಲಿ ಹೋಗುವ ಗಾಳಿ ಸ್ವಲ್ಪ, ಹಿಂದಿನ ಒತ್ತಡ ಬಹಳ. ಒಂದು ಉದ್ದನೆಯ ಸಾಲು ಮುಗಿಯುವಷ್ಟರಲ್ಲಿ ಎದೆಯೊಳಗೆ ಇನ್ನೂ ಗಾಳಿ ತುಂಬಿಕೊಂಡೇ ಇರುತ್ತದೆ, ಆದರೆ ಅದು ಹಳಸಿದ ಗಾಳಿ. ಅದನ್ನು ಮೊದಲು ಹೊರಗೆ ಬಿಡಬೇಕು, ಆಮೇಲೆ ಹೊಸದನ್ನು ಎಳೆದುಕೊಳ್ಳಬೇಕು. ನನ್ನ ಗುರುಗಳು ಇದನ್ನು ನೂರು ಸಲ ಹೇಳಿದ್ದರು. ನಾನು ಒಳಗೆ ಎಳೆದುಕೊಳ್ಳುವುದನ್ನು ಮಾತ್ರ ಮಾಡುತ್ತಿದ್ದೆ. ಹತ್ತು ನಿಮಿಷಕ್ಕೆ ತಲೆ ಸುತ್ತುತ್ತಿತ್ತು, ಕಿವಿ ಕೆಂಪಾಗುತ್ತಿತ್ತು.

ಒಂದು ರಾತ್ರಿ ಆಲ್ಬ್ರೆಖ್ಟ್ ಮೇಯರ್ ಊದುವುದನ್ನು ನೋಡುತ್ತಿದ್ದೆ. 1992ರಿಂದ ಬರ್ಲಿನ್‌ನ ಮುಖ್ಯ ಓಬೋ ವಾದಕರು ಅವರು. ಬ್ರಾಮ್ಸ್‌ನ ಪಿಟೀಲು ಕನ್ಚೆರ್ಟೋದ (ಒಂದು ವಾದ್ಯ ಮುಂದೆ, ಇಡೀ ವಾದ್ಯವೃಂದ ಜೊತೆಗೆ ಇರುವ ಕೃತಿ) ನಿಧಾನಗತಿಯ ಭಾಗ. ಪಿಟೀಲು ಬರುವ ಮೊದಲು ಇಡೀ ರಾಗವನ್ನು ಓಬೋ ಹಾಡಿ ಮುಗಿಸುತ್ತದೆ. ಎರಡು ಸಾಲುಗಳ ನಡುವೆ ಅವರ ತುಟಿ ಚೂರು ಸಡಿಲವಾಯಿತು, ಭುಜ ಇಳಿಯಿತು, ಗಾಳಿ ಹೊರಗೆ ಹೋಯಿತು. ಒಳಗೆ ಎಳೆದುಕೊಂಡಿದ್ದು ಅದರ ಮುಂದಿನ ಸಂದಿನಲ್ಲಿ. ಎರಡು ಬೇರೆ ಬೇರೆ ಜಾಗ! ನಾನು ಹಿಂದಕ್ಕೆ ಹೋಗಿ ಹೋಗಿ ಆ ಹತ್ತು ಸೆಕೆಂಡನ್ನು ಎಷ್ಟು ಸಲ ನೋಡಿದೆನೋ. ಮಾರನೇ ದಿನ ನನ್ನ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ‘ಹೊ’, ‘ಒ’ ಅಂತ ಬೇರೆ ಬೇರೆ ಗುರುತು ಹಾಕಿಕೊಂಡೆ. ಅಂದಿನಿಂದ ನನಗೆ ತಲೆ ಸುತ್ತಿಲ್ಲ.

ನೀವು ಏನು ನೋಡುತ್ತೀರಿ? ಓಬೋ ಅಂತಲೇ ಅಲ್ಲ, ಯಾವ ಸುಷಿರ ವಾದ್ಯವಾದರೂ ಸರಿ, ಬರೆಯಿರಿ.

ಕುಡ್ಲದ ಸ್ಯಾಕ್ಸ್:

ಒಳ್ಳೆ ವಿಷಯ ತೆಗೆದಿರಿ ಮಾರಾಯ್ರೆ. ನಾನು ಮಂಗಳೂರಿನವ, ಸ್ಯಾಕ್ಸೋಫೋನ್ ಊದುವುದು. ನಮ್ಮದು ಹಿತ್ತಾಳೆಯ ವಾದ್ಯವಾದರೂ ರೀಡ್ ಇರುವ ಕಾರಣ ಮರದ ವಾದ್ಯಗಳ ಕುಟುಂಬದ್ದೇ. ಇಲ್ಲಿ ಸ್ಯಾಕ್ಸೋಫೋನ್ ಊದುವ ಎಲ್ಲರಿಗೂ ಕದ್ರಿ ಗೋಪಾಲನಾಥರೇ ದಾರಿ. ಅವರ ತಂದೆ ನಾಗಸ್ವರದವರು. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅವರಿಗೆ ಹುಚ್ಚು ಹಿಡಿದದ್ದು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮೆನೇಡ್ ಕಛೇರಿಯಲ್ಲಿ ನುಡಿಸಿದರು.

ಅವರ ವಿಡಿಯೋಗಳನ್ನು ನಾನು ಕೆಳದವಡೆ ನೋಡಲಿಕ್ಕೇ ಹಾಕುವುದು. ಗಮಕ ಬರುವಲ್ಲೆಲ್ಲ ದವಡೆ ಎಷ್ಟು ಅಲ್ಲಾಡ್ತದೆ, ಬೆರಳು ಎಷ್ಟು ಸುಮ್ಮನಿರ್ತದೆ ಅಂತ. ಕೇಳಿದರೆ ಬೆರಳಿನ ಕೆಲಸ ಅನ್ನಿಸ್ತದೆ, ನೋಡಿದರೆ ಅರ್ಧಕ್ಕರ್ಧ ಬಾಯಿಯದ್ದು.

ಒಂದು ಪ್ರಶ್ನೆ ಉಂಟು. ಕಛೇರಿ ಶುರುವಾಗುವ ಮೊದಲು ಎಲ್ಲರೂ ಓಬೋಗೇ ಶ್ರುತಿ ಸೇರಿಸುವುದು ಯಾಕೆ?

ಜೋಡಿರೀಡು:

ಓಬೋದ ನಾದದಲ್ಲಿ ಮೂಲ ಸ್ವರದ ಜೊತೆಗೆ ಏಳುವ ಮೇಲಿನ ಉಪಸ್ವರಗಳು ತುಂಬ ಗಟ್ಟಿ. ಎಂಬತ್ತು ಜನರ ಗಲಾಟೆಯ ನಡುವೆಯೂ ಅದು ಮೊನಚಾಗಿ ಕೇಳಿಸುತ್ತದೆ. ಜೊತೆಗೆ ಸ್ವರ ಹೆಚ್ಚು ತೂಗಾಡುವುದಿಲ್ಲ. ಕ್ಲಾರಿನೆಟ್ ಬೇಕಾದರೆ ಕೊಳವೆಯ ಕೀಲನ್ನು ಚೂರು ಎಳೆದು ಶ್ರುತಿ ಇಳಿಸಿಕೊಳ್ಳಬಹುದು. ಓಬೋದಲ್ಲಿ ಶ್ರುತಿ ಬಹುಪಾಲು ರೀಡಿನಲ್ಲೇ ನಿರ್ಧಾರವಾಗಿಬಿಟ್ಟಿರುತ್ತದೆ. ಹಾಗಾಗಿ ಅದು ಎಲ್ಲಿದೆಯೋ ಅಲ್ಲಿಗೆ ಮಿಕ್ಕವರು ಬರುತ್ತಾರೆ. ಪುಸ್ತಕದ ಪ್ರಕಾರ ‘ಎ’ ಸ್ವರ 440 ಹರ್ಟ್ಸ್, ಅಂದರೆ ಸೆಕೆಂಡಿಗೆ 440 ಕಂಪನ. ಬರ್ಲಿನ್, ವಿಯೆನ್ನಾದಲ್ಲಿ 443ರ ಹತ್ತಿರ ಇಟ್ಟುಕೊಳ್ಳುತ್ತಾರೆ. ಬಾಖ್ ಕಾಲದ ವಾದ್ಯ ನುಡಿಸುವ ತಂಡಗಳು ಸಾಮಾನ್ಯವಾಗಿ 415ಕ್ಕೆ ಇಳಿಯುತ್ತವೆ, ಅಂದರೆ ಹತ್ತಿರ ಹತ್ತಿರ ಅರ್ಧ ಸ್ವರ ಕೆಳಗೆ. ಒಂದೇ ಸಂಜೆ ಎರಡೂ ಕೇಳಿದರೆ ಕಿವಿ ತಬ್ಬಿಬ್ಬಾಗುತ್ತದೆ.

ನೇರಪ್ರಸಾರದಲ್ಲಿ ಶ್ರುತಿ ಸೇರಿಸುವುದನ್ನು ಕತ್ತರಿಸದೆ ತೋರಿಸಿದರೆ ನನಗೆ ಬಹಳ ಸಂತೋಷ. ಸಂಗೀತ ಶುರುವಾಗುವ ಮೊದಲೇ ನಮ್ಮವರು ಒಬ್ಬರೇ ಊದುವ ಕ್ಷಣ ಅದು.

ಇಸಾರ್ ದಂಡೆ:

ನಾನು ಮ್ಯೂನಿಕ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ವಾದಕನಲ್ಲ, ಕೇಳುಗ. ನಿಮ್ಮ ಮಾತಿಗೆ ಗೌರವ ಇಟ್ಟುಕೊಂಡೇ ಒಂದು ತಕರಾರು ಹೇಳುತ್ತೇನೆ.

ಬವೇರಿಯನ್ ರೇಡಿಯೋ ವಾದ್ಯವೃಂದವನ್ನು ಹೆರ್ಕುಲೆಸ್‌ಜಾಲ್‌ನಲ್ಲಿಯೂ 2021ರಲ್ಲಿ ತೆರೆದ ಇಸಾರ್‌ಫಿಲ್ಹಾರ್ಮೋನಿಯಲ್ಲಿಯೂ ಕೇಳಿದ್ದೇನೆ. ಅದೇ ತಂಡವನ್ನು ಪರದೆಯ ಮೇಲೂ ನೋಡಿದ್ದೇನೆ. ಪರದೆಯಲ್ಲಿ ಓಬೋ ಬಂದಾಗ ಕ್ಯಾಮೆರಾ ಓಬೋವನ್ನೇ ತೋರಿಸುತ್ತದೆ. ‘ಇಗೋ ಇದನ್ನು ಕೇಳು’ ಅಂತ ಬೆರಳು ಮಾಡಿದ ಹಾಗೆ. ಸಭಾಂಗಣದಲ್ಲಿ ಯಾರೂ ಬೆರಳು ಮಾಡುವುದಿಲ್ಲ. ಚೈಕೋವ್‌ಸ್ಕಿಯ ನಾಲ್ಕನೇ ಸಿಂಫನಿಯ ಎರಡನೇ ಭಾಗ ಓಬೋದಿಂದಲೇ ಶುರುವಾಗುತ್ತದೆ. ಅಲ್ಲಿ ಕತ್ತಲಲ್ಲಿ ಕೂತಿದ್ದಾಗ ಅದು ಎಲ್ಲಿಂದ ಬಂತು ಅಂತ ಗೊತ್ತಾಗುವಷ್ಟರಲ್ಲಿ ನನ್ನ ಕಣ್ಣು ತುಂಬಿತ್ತು. ಸಾವಿರಾರು ಜನ ಉಸಿರು ಬಿಗಿಹಿಡಿದಿದ್ದರು. ಆ ನಿಶ್ಶಬ್ದಕ್ಕೂ ಒಂದು ತೂಕ ಇರುತ್ತದೆ, ಅದು ಹೆಡ್‌ಫೋನಿನಲ್ಲಿ ಬರುವುದಿಲ್ಲ.

ಓಬೋ ಇರುವುದು ಉಳಿದ ವಾದ್ಯಗಳ ನಡುವೆ. ಕೊಳಲಿನ ಜೊತೆ ಬೆರೆತಾಗ ಒಂದು ಬಣ್ಣ, ಕ್ಲಾರಿನೆಟ್ ಜೊತೆ ಇನ್ನೊಂದು. ಹತ್ತಿರಕ್ಕೆ ಹೋದಷ್ಟೂ ಆ ಬೆರಕೆ ಕೈತಪ್ಪುತ್ತದೆ ಅಂತ ನನ್ನ ಅನಿಸಿಕೆ.

ಮಿಕ್ಸಿಂಗ್ ಮೇಜು:

ಬೆಂಗಳೂರಿನಲ್ಲಿ ಧ್ವನಿಮುದ್ರಣ ನನ್ನ ಕಸುಬು. ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಒಂದು ವಿಷಯ ಬಿಟ್ಟುಹೋಗಿದೆ. ಆನ್‌ಲೈನ್ ಕಛೇರಿಯಲ್ಲಿ ನೀವು ಕೇಳುವ ಸಮತೋಲ ವಾದಕರದ್ದಲ್ಲ, ನನ್ನಂಥವರದ್ದು. ಮರದ ವಾದ್ಯಗಳ ಮುಂದೆ ಬೇರೆಯೇ ಮೈಕ್ ನಿಲ್ಲಿಸಿರುತ್ತೇವೆ. ಓಬೋದ ಸೋಲೋ ಬರುತ್ತಿದ್ದಂತೆ ಆ ಮೈಕಿನ ಫೇಡರ್ (ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಒಂದೆರಡು ಡೆಸಿಬೆಲ್ ಮೇಲೆ ಹೋಗುತ್ತದೆ. ಒಳ್ಳೆಯ ಕೈ ಇದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ.

ಓಬೋ ಮುದ್ರಿಸುವಾಗ ಹೊಸಬರು ಮಾಡುವ ತಪ್ಪು ಮೈಕನ್ನು ತುದಿಯ ಬಾಯಿಗೆ ಹಿಡಿಯುವುದು. ನಾದ ಹೊರಬೀಳುವುದು ತೆರೆದಿರುವ ತೂತುಗಳಿಂದ. ತೀರಾ ಕೆಳಗಿನ ಸ್ವರಗಳಲ್ಲಿ ಮಾತ್ರ ತುದಿಯಿಂದ ಹೆಚ್ಚು ಬರುತ್ತದೆ. ಮೈಕ್ ಮೇಲಿನಿಂದ, ಸ್ವಲ್ಪ ದೂರದಿಂದ ಕೈಗಳ ಕಡೆ ನೋಡಬೇಕು.

ಓಬೋಗೆ ಇನ್ನೊಂದು ಅನುಕೂಲವಿದೆ. ಡಬಲ್ ಬಾಸ್‌ನ ತಂತಿ 41 ಹರ್ಟ್ಸ್‌ಗೆ ಇಳಿಯುತ್ತದೆ, ಮೊಬೈಲಿನ ಸ್ಪೀಕರ್‌ನಲ್ಲಿ ಅದು ಇಲ್ಲವೇ ಇಲ್ಲ. ಓಬೋದ ಅತಿ ಕೆಳಗಿನ ಸ್ವರ 233 ಹರ್ಟ್ಸ್. ಅದರ ಶಕ್ತಿಯೆಲ್ಲ ಇರುವುದು ಇನ್ನೂ ಮೇಲೆ, ಸಾವಿರದ ಆಸುಪಾಸಿನಲ್ಲಿ. ನಮ್ಮ ಕಿವಿ ಚುರುಕಾಗಿರುವ, ಸಣ್ಣ ಸ್ಪೀಕರ್ ಸರಿಯಾಗಿ ಹೊರಡಿಸುವ ಜಾಗ ಅದು. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಸಿಂಫನಿ ಕೇಳಿದರೆ ಅಡಿಪಾಯ ಕರಗಿಹೋಗಿರುತ್ತದೆ, ಓಬೋ ಮಾತ್ರ ಓಬೋ ಆಗಿಯೇ ಇರುತ್ತದೆ.

ಜೋಡಿರೀಡು:

ಇಸಾರ್ ದಂಡೆ ಅವರೇ, ನೀವು ಹೇಳಿದ ನಿಶ್ಶಬ್ದ ನನಗೂ ಗೊತ್ತು, ಅದಕ್ಕಾಗಿ ಹಂಬಲಿಸುತ್ತೇನೆ. ಬೆರಕೆಯ ಮಾತನ್ನೂ ಒಪ್ಪಿದೆ. ಮೊತ್ಸಾರ್ಟ್‌ನ ‘ಗ್ರಾನ್ ಪಾರ್ತಿತಾ’ ಹದಿಮೂರು ವಾದ್ಯಗಳದ್ದು. ಅದರ ಅಡಾಜಿಯೋ ಎಂಬ ನಿಧಾನಗತಿಯ ಭಾಗದಲ್ಲಿ ಕೆಳಗಿನವರೆಲ್ಲ ಒಂದೇ ಸಮನೆ ಮಿಡಿಯುತ್ತಿರುವಾಗ ಓಬೋ ಮೇಲೆ ಒಂದೇ ಒಂದು ಸ್ವರ ಹಿಡಿದು ಬರುತ್ತದೆ. ಅದು ಆರುವಷ್ಟರಲ್ಲಿ ಕ್ಲಾರಿನೆಟ್ ಎತ್ತಿಕೊಳ್ಳುತ್ತದೆ. ಆ ಕೈಬದಲಾವಣೆಯನ್ನು ಕೋಣೆಯ ಗಾಳಿಯಲ್ಲೇ ಕೇಳಬೇಕು.

ಆದರೆ ಒಂದು ಮಾತು. ಮ್ಯೂನಿಕ್‌ನಲ್ಲಿ ನಿಮಗೆ ಎರಡೂ ಇದೆ. ಇಲ್ಲಿ ನನಗೆ ವರ್ಷಕ್ಕೊಂದು ಸಲ ಒಂದು ಪೂರ್ಣ ವಾದ್ಯವೃಂದ ಸಿಕ್ಕಿದರೆ ಹೆಚ್ಚು. ಮುಂಬೈಯಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ, ಎರಡು ಸಲ ಹೋಗಿ ಕೇಳಿ ಬಂದಿದ್ದೇನೆ. ರೈಲು, ರೂಮು, ಟಿಕೆಟ್ ಎಲ್ಲ ಸೇರಿ ಒಂದು ಸಂಜೆಗೆ ಆದ ಖರ್ಚಿನಲ್ಲಿ ವರ್ಷವಿಡೀ ಮನೆಯಲ್ಲಿ ಕೇಳಬಹುದು. 2020ರ ಮಾರ್ಚ್‌ನಲ್ಲಿ ಸಭಾಂಗಣಗಳೆಲ್ಲ ಮುಚ್ಚಿ ಬರ್ಲಿನ್‌ನವರು ತಮ್ಮ ಆನ್‌ಲೈನ್ ಸಂಗ್ರಹವನ್ನು ಎಲ್ಲರಿಗೂ ಉಚಿತವಾಗಿ ತೆರೆದಾಗ ನಾನು ಒಂದು ತಿಂಗಳು ಬೇರೇನೂ ನೋಡಲಿಲ್ಲ. ಆ ಮೇ 1ರಂದು ಕೆಲವೇ ವಾದಕರು ದೂರ ದೂರ ಕೂತು, ಖಾಲಿ ಕುರ್ಚಿಗಳಿಗೆ ಮಾಹ್ಲರ್‌ನ ನಾಲ್ಕನೇ ಸಿಂಫನಿ ನುಡಿಸಿದರು. ಅಂದು ಅವರಿಗೂ ಸಭಾಂಗಣ ಇರಲಿಲ್ಲ, ನನಗೂ ಇರಲಿಲ್ಲ.

ಹಳೇ ರೇಡಿಯೋ, ಹುಬ್ಬಳ್ಳಿ:

ತಂಗಿ, ನೀ ಬರದದ್ದು ಓದಿ ಭಾಳ ಖುಷಿ ಆತು. ನನಗ ಈಗ ಎಪ್ಪತ್ತಾರು. ಧಾರವಾಡ ಆಕಾಶವಾಣಿ ಕೇಳಿಕೋತ ಬೆಳದಾಂವ. ಬಿಸ್ಮಿಲ್ಲಾ ಖಾನರ ಶಹನಾಯಿ, ನಮ್ಮ ರಾಯಚೂರು ಕಡೆಯ ನರಸಿಂಹಲು ವಡವಾಟಿ ಅವರ ಕ್ಲಾರಿಯೋನೆಟ್, ಇವನ್ನೆಲ್ಲಾ ಬರೇ ಕಿವಿಯಿಂದ ಕೇಳೀನಿ. ಮುಖ ಕಂಡಿದ್ದು ಎಷ್ಟೋ ವರ್ಷ ಆದಮ್ಯಾಲೆ. ಹಿಂಗಾಗಿ ‘ಎದುರಿಗೆ ಕೂತು ಕೇಳಿದ್ರಷ್ಟ ಸಂಗೀತ’ ಅಂದ್ರ ನನ್ನ ಅರ್ಧಾ ಆಯುಷ್ಯ ಸಂಗೀತಾನ ಕೇಳಿಲ್ಲ ಅಂದಂಗ ಆಗ್ತದ.

ನೀ ಮೈಸೂರಾಕಿ, ನಿನಗೊಂದು ಹೇಳಬೇಕು. ಜಯಚಾಮರಾಜ ಒಡೆಯರಿಗೆ ಪಾಶ್ಚಾತ್ಯ ಸಂಗೀತದ ಮ್ಯಾಲೆ ಭಾಳ ಪ್ರೀತಿ. ಜರ್ಮನಿಯ ಸಂಗೀತಗಾರ ರಿಖಾರ್ಡ್ ಸ್ಟ್ರಾಸ್ ತೀರಿಕೊಂಡಮ್ಯಾಲೆ ಆತನ ಕಡೇ ನಾಕು ಹಾಡುಗಳು ಮೊದಲನೇ ಸಲ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಾಗ ಆದ್ವು, 1950ರ ಮೇ 22ಕ್ಕ. ಹಾಡಿದಾಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಕಂಡಕ್ಟರ್ ಫುರ್ಟ್‌ವೆಂಗ್ಲರ್. ಆ ಕಛೇರಿಗೆ 4,800 ಡಾಲರಿನ ಖಾತ್ರಿ ಕೊಟ್ಟಾವ್ರು ನಮ್ಮ ಮಹಾರಾಜರು. ತಾವು ಹೋಗಲಿಕ್ಕೆ ಆಗಲಿಲ್ಲ. ಅದನ್ನ ರೆಕಾರ್ಡ್ ಮಾಡಿಸಿ ಮೈಸೂರಿಗೆ ತರಿಸಿಕೊಂಡ್ರು. ಅವರ ಹತ್ರ ಆಗ ಇಪ್ಪತ್ತು ಸಾವಿರದಷ್ಟು ರೆಕಾರ್ಡ್ ಇದ್ವಂತ. ಮೈಸೂರಿನಾಗ ಕೂತು ದೂರದ ಕಛೇರಿ ಕೇಳೂದು ನಿನ್ನಿಂದ ಶುರು ಆಗಿದ್ದಲ್ಲ ತಂಗಿ.

ಜೋಡಿರೀಡು:

ಅಜ್ಜಾ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ನಾನು ಒಂದು ತಿಂಗಳಿಂದ ಅಭ್ಯಾಸ ಮಾಡುತ್ತಿರುವುದು ಅದೇ ಸ್ಟ್ರಾಸ್‌ನ ಓಬೋ ಕನ್ಚೆರ್ಟೋ. ಅದನ್ನೂ ಅವರು ಬರೆದಿದ್ದು ಇಳಿವಯಸ್ಸಿನಲ್ಲೇ, 1945ರಲ್ಲಿ, ಆ ಹಾಡುಗಳಿಗೆ ಮೂರು ವರ್ಷ ಮುಂಚೆ.

ಅದರ ಕತೆ ಗೊತ್ತಿಲ್ಲದವರಿಗೆ: ಯುದ್ಧ ಮುಗಿದು ಅಮೆರಿಕದ ಸೈನ್ಯ ಬವೇರಿಯಾದಲ್ಲಿತ್ತು. ಆ ಸೈನಿಕರಲ್ಲಿ ಜಾನ್ ಡಿ ಲ್ಯಾನ್ಸಿ ಅಂತ ಇಪ್ಪತ್ತರ ಹರೆಯದ ಹುಡುಗ. ಸೈನ್ಯಕ್ಕೆ ಸೇರುವ ಮೊದಲು ಪಿಟ್ಸ್‌ಬರ್ಗ್ ಸಿಂಫನಿಯಲ್ಲಿ ಮುಖ್ಯ ಓಬೋ ವಾದಕ. ಗಾರ್ಮಿಶ್‌ನಲ್ಲಿದ್ದ ಸ್ಟ್ರಾಸ್ ಮನೆಗೆ ಹೋಗಿ ಬರುತ್ತಿದ್ದ. ನಿಮ್ಮ ಕೃತಿಗಳಲ್ಲಿ ಓಬೋಗೆ ಇಷ್ಟು ಚೆಂದದ ಸಾಲುಗಳಿವೆಯಲ್ಲ, ಒಂದು ಕನ್ಚೆರ್ಟೋ ಬರೆಯುವ ಯೋಚನೆ ಇಲ್ಲವೇ ಅಂತ ಕೇಳಿದ. ಸ್ಟ್ರಾಸ್ ಇಲ್ಲ ಅಂದರು. ಕೆಲವು ತಿಂಗಳಲ್ಲಿ ಬರೆದೇಬಿಟ್ಟರು. ಮೊದಲ ಪ್ರದರ್ಶನ 1946ರ ಫೆಬ್ರವರಿ 26ರಂದು ಜ್ಯೂರಿಕ್‌ನಲ್ಲಿ, ನುಡಿಸಿದವರು ಮಾರ್ಸೆಲ್ ಸಾಯೆ. ಅಮೆರಿಕದ ಮೊದಲ ಪ್ರದರ್ಶನ ಡಿ ಲ್ಯಾನ್ಸಿಗೇ ಸಿಗಲಿ ಅಂತ ಸ್ಟ್ರಾಸ್ ಬಯಸಿದ್ದರು. ಅಷ್ಟರಲ್ಲಿ ಆತ ಫಿಲಡೆಲ್ಫಿಯಾ ವಾದ್ಯವೃಂದದಲ್ಲಿ ಕಿರಿಯ ವಾದಕನಾಗಿ ಸೇರಿದ್ದ. ಹಿರಿಯರನ್ನು ದಾಟಿ ನುಡಿಸುವ ಪದ್ಧತಿ ಅಲ್ಲಿರಲಿಲ್ಲ. ಆ ಅವಕಾಶ ಬೇರೆಯವರಿಗೆ ಹೋಯಿತು. ತಾನೇ ಕೇಳಿ ಹುಟ್ಟಿಸಿದ ಕೃತಿಯನ್ನು ಆತ ಧ್ವನಿಮುದ್ರಿಸಿದ್ದು 1987ರಲ್ಲಿ, ಅರವತ್ತು ದಾಟಿದ ಮೇಲೆ.

ಆ ಕನ್ಚೆರ್ಟೋ ಶುರುವಾಗುವುದೇ ಉಸಿರಿನ ಪರೀಕ್ಷೆಯಿಂದ. ಚೆಲ್ಲೋಗಳು ಎರಡು ಬಾರ್ (ತಾಳದ ಒಂದೊಂದು ಸುತ್ತು) ಗುನುಗಿದ ತಕ್ಷಣ ಓಬೋ ಬರುತ್ತದೆ. ಆಮೇಲೆ ಐವತ್ತಕ್ಕೂ ಹೆಚ್ಚು ಬಾರ್ ಬಿಡುವೇ ಇಲ್ಲ. ಫ್ರಾನ್ಸ್ವಾ ಲೆಲೂ ಊದುವಾಗ ಇಡೀ ಮೈ ಅಲೆಯಾಗುತ್ತದೆ, ಉಸಿರನ್ನು ಮುಚ್ಚಿಡುವುದೇ ಇಲ್ಲ. ಬೇರೆ ಕೆಲವರು ಮೂಗಿನಿಂದ ಎಳೆದುಕೊಳ್ಳುತ್ತಾ ಕೆನ್ನೆಯ ಗಾಳಿಯಿಂದ ಊದುವುದನ್ನು ಮುಂದುವರಿಸುತ್ತಾರೆ. ಹೈನ್ಸ್ ಹೋಲಿಗರ್ ಈ ಆವರ್ತ ಉಸಿರಾಟಕ್ಕೆ ಹೆಸರಾದವರು. ಒಂದೇ ಪುಟವನ್ನು ಐದು ಜನ ಎಲ್ಲೆಲ್ಲಿ ಉಸಿರಾಡುತ್ತಾರೆ ಅಂತ ಐದು ಬಣ್ಣದ ಪೆನ್ಸಿಲಿನಲ್ಲಿ ಗುರುತಿಸಿದ್ದೇನೆ. ಐವರಲ್ಲಿ ಇಬ್ಬರೂ ಒಂದೇ ಕಡೆ ಉಸಿರಾಡಿಲ್ಲ!

ಓಲಗದ ಮನೆ:

ಅಕ್ಕ, ನಾನು ಕೋಲಾರದ ಕಡೆಯವನು. ನಮ್ಮದು ನಾಗಸ್ವರದ ಮನೆ. ನಾನು ಡೋಲು, ತಾತ ನಾಗಸ್ವರ. ನೀವು ಹೇಳಿದ ಆವರ್ತ ಉಸಿರು ನಮ್ಮಲ್ಲಿ ಹುಡುಗರಿಗೆ ಚಿಕ್ಕಂದಿನಲ್ಲೇ ಹೇಳಿಕೊಡೋದು. ಒಂದು ಲೋಟ ನೀರಿಗೆ ಕಡ್ಡಿ ಇಟ್ಟು ಊದಿಸ್ತಾರೆ, ಗುಳ್ಳೆ ನಿಲ್ಲಬಾರದು. ಒತ್ತು ಊದೋರಿಗೆ ಅದು ಬರಲೇಬೇಕು, ಇಡೀ ಕಛೇರಿ ಒಂದೇ ಶ್ರುತಿ ಹಿಡಿದಿರಬೇಕಲ್ಲ.

ನಿಮ್ಮ ಓಬೋ ವಿಡಿಯೋ ಒಂದು ಹಾಕಿ ನೋಡಿದೆ. ಅದು ನಮ್ಮದೇ ಪೈಕಿ ಅಲ್ವಾ? ಬಾಯಿಗೆ ಜೋಡಿ ರೀಡು, ಕೊಳವೆ ಮೇಲೆ ಸಣ್ಣ ಕೆಳಗೆ ಅಗಲ. ಅಣಸು, ಅಂದರೆ ತುದಿಯ ಅಗಲ ಬಾಯಿ, ಮಾತ್ರ ಪುಟ್ಟದು. ಆದರೆ ಅಷ್ಟೊಂದು ಬೆಳ್ಳಿ ಕೀಲಿ ಯಾಕೆ? ನಮ್ಮದರಲ್ಲಿ ಬೆರಳಿಡೋ ತೂತು ಏಳೇ, ಮಿಕ್ಕಿದ್ದೆಲ್ಲ ತುಟಿ, ಉಸಿರು.

ಇನ್ನೊಂದು, ನಿಮ್ಮ ರೀಡು ಎಲ್ಲಿಂದ ಬರುತ್ತೆ?

ಜೋಡಿರೀಡು:

ನಿಮ್ಮದೇ ಪೈಕಿ, ಸಂಶಯವೇ ಬೇಡ. ಶಂಕುವಿನ ಕೊಳವೆ, ಜೋಡಿ ರೀಡು: ನಾಗಸ್ವರ, ಶಹನಾಯಿ, ಓಬೋ ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಓಬೋ 65 ಸೆಂಟಿಮೀಟರ್ ಮಾತ್ರ, ಆಫ್ರಿಕಾದ ಕಪ್ಪು ಗಟ್ಟಿಮರದ್ದು. ಕೀಲಿಗಳು ಯಾಕೆಂದರೆ, ಹನ್ನೆರಡು ಸ್ವರಸ್ಥಾನಗಳೂ ಯಾವ ಕ್ಷಣದಲ್ಲಾದರೂ ಸಮನಾಗಿ, ಬೇಗ ಬರಬೇಕು. ಬೆರಳು ಹತ್ತೇ ಇರುವುದು. ಅದಕ್ಕೆ ಕೊಟ್ಟ ಬೆಲೆ ಗಮಕ. ನಿಮ್ಮ ತಾತ ಒಂದು ತೂತನ್ನು ಅರ್ಧ ಮುಚ್ಚಿ ಜಾರಿಸುವುದನ್ನು ನಾನು ಓಬೋದಲ್ಲಿ ಮಾಡಲು ಹೋದರೆ ಕೀಲಿ ಅಡ್ಡ ಬರುತ್ತದೆ.

ರೀಡಿನ ಹುಲ್ಲು ಹೆಚ್ಚಾಗಿ ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತದ್ದು. ನೋಡಲು ಬಿದಿರಿನಂಥ ಜೊಂಡು. ಅದನ್ನು ಸೀಳಿ, ಅರ್ಧ ಮಿಲಿಮೀಟರ್ ಚಿಲ್ಲರೆ ದಪ್ಪಕ್ಕೆ ಹೆರೆದು, ಮಡಿಸಿ, 47 ಮಿಲಿಮೀಟರ್ ಉದ್ದದ ಲೋಹದ ಕೊಳವೆಗೆ ನೂಲಿನಿಂದ ಕಟ್ಟಿ, ತುದಿಯನ್ನು ಚಾಕುವಿನಿಂದ ಕೆರೆಯಬೇಕು. ನನ್ನ ಒಂದು ಗಂಟೆಯ ಅಭ್ಯಾಸಕ್ಕೆ ಒಂದು ಗಂಟೆ ಕೆರೆತ. ಇದನ್ನೂ ನಾನು ಕಲಿತಿದ್ದು ಬಹುಪಾಲು ವಿಡಿಯೋ ನೋಡಿಯೇ. ಅಮೆರಿಕದವರು ಉದ್ದಕ್ಕೆ ಕೆರೆಯುತ್ತಾರೆ, ಯುರೋಪಿನವರು ಗಿಡ್ಡಕ್ಕೆ. ಅವರ ನಾದ ಬೇರೆಯಾಗಿ ಕೇಳಿಸುವುದಕ್ಕೆ ಇದೂ ಒಂದು ಕಾರಣ. ವಿಯೆನ್ನಾದವರ ಓಬೋನೇ ಬೇರೆ ಥರದ್ದು. ಒಳಗಿನ ಕೊರೆತ ಬೇರೆ, ಬೆರಳಿಡುವ ಕ್ರಮ ಬೇರೆ, ಕಂಪನವಿಲ್ಲದೆ ನೇರವಾಗಿ ಊದುತ್ತಾರೆ.

ತಾತ ಜೀವಾಳಿಗಳನ್ನು (ನಾಗಸ್ವರದ ರೀಡುಗಳನ್ನು) ನಾಗಸ್ವರಕ್ಕೆ ದಾರದಲ್ಲಿ ಕಟ್ಟಿ ನೇತುಹಾಕಿಕೊಂಡಿರುತ್ತಾರಲ್ಲ, ನನ್ನದು ಒಂದು ಪುಟ್ಟ ಡಬ್ಬಿಯಲ್ಲಿರುತ್ತವೆ. ಹತ್ತರಲ್ಲಿ ಎರಡು ಚೆನ್ನಾಗಿದ್ದರೆ ಅದು ಒಳ್ಳೆಯ ವಾರ.

ಓಲಗದ ಮನೆ:

ತಾತನಿಗೆ ಓದಿ ಹೇಳಿದೆ. ‘ಅವರಿಗೂ ಹತ್ತಕ್ಕೆ ಎರಡೇನಾ’ ಅಂದರು.

ಚಿನ್ನು ಅಮ್ಮ:

ನಮಸ್ತೆ ಮೇಡಂ. ತುಮಕೂರು. ನನ್ನ ಮಗಳಿಗೆ ಹತ್ತು ವರ್ಷ. ಪ್ರೊಕೊಫಿಯೆವ್‌ನ ಪೀಟರ್ ಮತ್ತು ತೋಳದ ಕತೆಯನ್ನು ಯೂಟ್ಯೂಬಿನಲ್ಲಿ ನೋಡಿದಾಗಿನಿಂದ ಬಾತುಕೋಳಿಯ ವಾದ್ಯವೇ ಬೇಕು ಅಂತ ಹಟ. ಅದು ಓಬೋ ಅಂತ ನಿಮ್ಮ ಬರಹದಿಂದ ಹುಡುಕಿ ಗೊತ್ತಾಯಿತು. ಆನ್‌ಲೈನ್ ಪಾಠದಲ್ಲಿ ಕಲಿಯಬಹುದಾ? ಎಷ್ಟು ಖರ್ಚು?

ಜೋಡಿರೀಡು:

ಮಗುವಿಗೆ ನನ್ನ ಪ್ರೀತಿ ತಿಳಿಸಿ. ಬಾತುಕೋಳಿಯ ದುಃಖ ಅವಳ ಮನಸ್ಸಿಗೆ ತಟ್ಟಿದೆ.

ನೇರವಾಗಿ ಹೇಳುತ್ತೇನೆ. ಕಲಿಯುವವರ ಓಬೋನೇ ಲಕ್ಷ ದಾಟುತ್ತದೆ, ರೀಡಿನ ಖರ್ಚು ನಿಲ್ಲುವುದಿಲ್ಲ. ಹತ್ತು ವರ್ಷದ ಬೆರಳಿಗೂ ತುಟಿಗೂ ಸ್ವಲ್ಪ ಬೇಗವೇ. ಈಗ ಒಂದು ಪ್ಲಾಸ್ಟಿಕ್ ರೆಕಾರ್ಡರ್ (ನೇರವಾಗಿ ಹಿಡಿದು ಊದುವ ಪುಟ್ಟ ಕೊಳಲು) ಕೊಡಿಸಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೆರಳಿಡುವ ಕ್ರಮ ಬಹಳಷ್ಟು ಹೋಲುತ್ತದೆ, ಉಸಿರು ಹದಕ್ಕೆ ಬರುತ್ತದೆ, ಸ್ವರಲಿಪಿ ಓದಲು ಬರುತ್ತದೆ. ಎರಡು ವರ್ಷ ಕಳೆದ ಮೇಲೂ ಬಾತುಕೋಳಿಯೇ ಬೇಕು ಅಂದರೆ ಆಗ ನೋಡೋಣ. ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತದ ಶಾಲೆಗಳಿವೆ, ಅಲ್ಲಿ ವಿಚಾರಿಸಬಹುದು.

ಆನ್‌ಲೈನ್ ಪಾಠ ಪೂರಕವಾಗಿ ಚೆನ್ನ. ಮೊದಲ ಆರು ತಿಂಗಳು ಮಾತ್ರ ಒಬ್ಬರು ಎದುರಿಗೇ ಇರಬೇಕು. ತುಟಿಯನ್ನು ಎಷ್ಟು ಒಳಗೆ ಮಡಿಸಬೇಕು ಅನ್ನುವುದನ್ನು ಪರದೆಯಿಂದ ತಿದ್ದುವುದು ಕಷ್ಟ.

ಮಿಕ್ಸಿಂಗ್ ಮೇಜು:

ಆನ್‌ಲೈನ್ ಪಾಠ ಮಾಡುವವರಿಗೆ ಒಂದು ಮಾತು. ವಿಡಿಯೋ ಕರೆಯ ಆ್ಯಪ್‌ಗಳು ಮನುಷ್ಯರ ಮಾತಿಗಾಗಿ ಮಾಡಿದವು. ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಗದ್ದಲ ಅಂದುಕೊಂಡು ಒರೆಸಿಹಾಕುತ್ತವೆ. ಓಬೋದ ಉದ್ದ ಸ್ವರ ಎರಡು ಸೆಕೆಂಡಿಗೆ ಮಾಯವಾಗುತ್ತದೆ. ಗುರುಗಳು ‘ಯಾಕೆ ನಿಲ್ಲಿಸಿದೆ’ ಅನ್ನುತ್ತಾರೆ, ಮಗು ಇನ್ನೂ ಊದುತ್ತಲೇ ಇರುತ್ತದೆ. ಸೆಟ್ಟಿಂಗಿನಲ್ಲಿ ಗದ್ದಲ ತಗ್ಗಿಸುವ ಆಯ್ಕೆಯನ್ನು ಬಂದ್ ಮಾಡಿ, ಮೂಲ ಧ್ವನಿಯನ್ನು ಹಾಗೇ ಕಳಿಸುವ ಆಯ್ಕೆ ಇದ್ದರೆ ಅದನ್ನು ಹಾಕಿ. ಇಬ್ಬರೂ ಹೆಡ್‌ಫೋನ್ ಹಾಕಿಕೊಳ್ಳಬೇಕು.

ನೋಡುವವರಿಗೂ ಒಂದು: ಯೂಟ್ಯೂಬಿನಲ್ಲಿ ವೇಗವನ್ನು ಮುಕ್ಕಾಲಕ್ಕೆ ಇಳಿಸಿದರೂ ಶ್ರುತಿ ಇಳಿಯುವುದಿಲ್ಲ. ಬೆರಳು ನೋಡಿ ಕಲಿಯಲು ಬಹಳ ಉಪಯೋಗ.

ಇಸಾರ್ ದಂಡೆ:

ನಿನ್ನೆ ರಾತ್ರಿ ಜೋಡಿರೀಡು ಅವರು ಹೇಳಿದ ಹಾಗೆ ಸ್ಟ್ರಾಸ್ ಕನ್ಚೆರ್ಟೋದ ಮೊದಲ ಪುಟವನ್ನು ಮೂವರ ವಿಡಿಯೋದಲ್ಲಿ ನೋಡಿದೆ, ಉಸಿರನ್ನೇ ಗಮನಿಸುತ್ತಾ. ಈ ಕೃತಿಯನ್ನು ನಾನು ಸಭಾಂಗಣದಲ್ಲಿ ಕೇಳಿದ್ದೇನೆ. ಆಗ ನನಗೆ ಅದು ಸಲೀಸಾಗಿ ಹರಿಯುವ ನೀರಿನ ಹಾಗೆ ಕೇಳಿಸಿತ್ತು. ಅದರೊಳಗೆ ಇಷ್ಟು ಲೆಕ್ಕಾಚಾರ ಇದೆ ಅಂತ ಗೊತ್ತಿರಲಿಲ್ಲ. ಈಗ ಗೊತ್ತಾದ ಮೇಲೆ ಇನ್ನೊಮ್ಮೆ ಸಭಾಂಗಣದಲ್ಲಿ ಕೇಳಬೇಕು ಅನ್ನಿಸುತ್ತಿದೆ. ನನ್ನ ತಕರಾರನ್ನು ಪೂರ್ತಿ ಹಿಂತೆಗೆದುಕೊಳ್ಳುತ್ತಿಲ್ಲ, ಆದರೆ ಮುಂದಿನ ಸಲ ಟಿಕೆಟ್ ಕೊಳ್ಳುವ ಮೊದಲು ವಿಡಿಯೋ ನೋಡಿಯೇ ಹೋಗುತ್ತೇನೆ.

ಇನ್ನೇನು ನೋಡಲಿ? ಮರದ ವಾದ್ಯಗಳು ಮಾತ್ರ ಇರುವುದು ಹೇಳಿ.

ಜೋಡಿರೀಡು:

ಕಾರ್ಲ್ ನೀಲ್ಸನ್‌ನ ಪಂಚವಾದ್ಯ ಕೃತಿ, 1922ರದ್ದು. ಕೊಳಲು, ಓಬೋ, ಕ್ಲಾರಿನೆಟ್, ಹಾರ್ನ್, ಬಸೂನ್. ಐದು ಜನ ಐದು ಸ್ವಭಾವದವರು ಒಂದು ಜಗಲಿಯಲ್ಲಿ ಕೂತು ಮಾತಾಡಿದ ಹಾಗಿದೆ. ಮೂರನೇ ಭಾಗಕ್ಕೆ ಬಂದಾಗ ಓಬೋದವರನ್ನೇ ನೋಡುತ್ತಿರಿ. ವಾದ್ಯ ಕೆಳಗಿಟ್ಟು ಇಂಗ್ಲಿಷ್ ಹಾರ್ನ್ (ಹೆಸರು ಹಾರ್ನ್ ಆದರೂ ಓಬೋದ ಕೆಳದನಿಯ ಅಣ್ಣ) ಎತ್ತಿಕೊಳ್ಳುತ್ತಾರೆ, ಮನೆಯೊಳಗೆ ದೀಪ ಸಣ್ಣದು ಮಾಡಿದ ಹಾಗೆ ಬಣ್ಣವೇ ಬದಲಾಗುತ್ತದೆ. ಆಮೇಲೆ ಲಿಗೆಟಿಯ ಆರು ಬಗತೆಲ್‌ಗಳು, ಅಂದರೆ ಪುಟ್ಟ ಕೃತಿಗಳು. ‘ಲೆ ವಾಂ ಫ್ರಾಂಸೆ’ ತಂಡದ್ದು ಸಿಕ್ಕಿದರೆ ಬಿಡಬೇಡಿ, ಕೊಳಲಿಗೆ ಇಮ್ಯಾನ್ಯುಯೆಲ್ ಪಾಹೂ, ಓಬೋಗೆ ಲೆಲೂ.

ಬಾಖ್‌ನ ಮ್ಯಾಥ್ಯೂ ಪ್ಯಾಶನ್‌ನಲ್ಲಿ ‘ಔಸ್ ಲೀಬೆ’ ಅಂತ ಒಂದು ಹಾಡಿದೆ. ಒಂದು ಹೆಣ್ಣುದನಿ, ಒಂದು ಕೊಳಲು, ಎರಡು ಓಬೋ ದ ಕಾಚ್ಚಾ. ಕೆಳಗೆ ಆಧಾರಕ್ಕೆ ಬಾಸ್ ಇಲ್ಲವೇ ಇಲ್ಲ. ಅದನ್ನು ಹಳೆಯ ವಾದ್ಯಗಳಲ್ಲಿ ನುಡಿಸುವವರದ್ದು ನೋಡಿ. ಕಾಚ್ಚಾ ಅಂದರೆ ಬಿಲ್ಲಿನಂತೆ ಬಾಗಿದ ಮರ, ಹಿತ್ತಾಳೆಯ ಅಗಲ ಬಾಯಿ. ಓಲಗದ ಮನೆಯ ಹುಡುಗ ಅದನ್ನು ನೋಡಿದರೆ ಅಣಸಿನ ಬಗ್ಗೆ ದೂರು ಹೇಳುವುದಿಲ್ಲ.

ಕೊನೆಗೊಂದು, ಎಲ್ಲರಿಗೂ ಹಿಡಿಸದಿರಬಹುದು. ಲೂಚಾನೋ ಬೆರಿಯೋ 1969ರಲ್ಲಿ ಹೋಲಿಗರ್‌ಗಾಗಿ ಬರೆದ ಏಳನೇ ‘ಸೆಕ್ವೆಂಜಾ’. ಒಂದೇ ಓಬೋ. ‘ಬಿ’ ಅನ್ನುವ ಒಂದೇ ಸ್ವರಕ್ಕೆ ಬೇರೆ ಬೇರೆ ಬೆರಳಿಟ್ಟು ಅದರ ಬಣ್ಣ ಬದಲಾಯಿಸುತ್ತಾ ಶುರುವಾಗುತ್ತದೆ. ನನಗೆ ಮೂರು ವರ್ಷ ಅದು ಬರೀ ಗದ್ದಲ ಅನ್ನಿಸಿತ್ತು. ನೋಡಿದ ಮೇಲೇ ಅರ್ಥವಾಗಿದ್ದು.

ಹಳೇ ರೇಡಿಯೋ, ಹುಬ್ಬಳ್ಳಿ:

ಬೆರಿಯೋ ಕೇಳಿದೆ. ನನಗ ಒಗ್ಗಲಿಲ್ಲ ತಂಗಿ. ನೀಲ್ಸನ್ ಎರಡು ಸಲ ಕೇಳಿದೆ.

ಓಲಗದ ಮನೆ:

ಅಕ್ಕ, ಒಂದು ವಿಷಯ ಹೇಳಬೇಕು. ನಿನ್ನೆ ಸಾಯಂಕಾಲ ಆ ಬೆರಿಯೋದು ಮೊಬೈಲಲ್ಲಿ ಹಾಕಿದ್ದೆ. ನನಗೂ ತಲೆ ಬುಡ ಗೊತ್ತಾಗಲಿಲ್ಲ, ಇನ್ನೇನು ನಿಲ್ಲಿಸೋಣ ಅಂತಿದ್ದೆ. ತಾತ ಜಗಲಿ ಮೇಲೆ ಜೀವಾಳಿ ನೆನೆಹಾಕಿಕೊಂಡು ಕೂತಿದ್ದರು. ‘ನಿಲ್ಲಿಸಬೇಡ, ಜೋರು ಮಾಡು’ ಅಂದರು. ಪೂರ್ತಿ ಕೇಳಿದರು. ಆಮೇಲೆ ಮೊಬೈಲು ಇಸ್ಕೊಂಡು ಹತ್ತಿರ ಹಿಡಿದು ನೋಡಿದರು. ‘ಊದೋನು ಒಬ್ಬನೇ ಕಾಣ್ತಾನೆ. ಒತ್ತು ಹಿಡಿದಿರೋನು ಎಲ್ಲಿ ಕೂತಿದಾನೆ?’ ಅಂತ ಕೇಳಿದರು. ಒತ್ತು ಎಲ್ಲಿದೆ ತಾತ ಅಂದರೆ, ‘ಮೊದಲಿಂದ ಕೊನೇವರೆಗೂ ಐತಲ್ಲೋ, ಸಣ್ಣಗೆ’ ಅಂದರು. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನಿಜ, ಒಂದೇ ಸ್ವರ ಹಿಂದೆ ನಿಂತೇ ಐತೆ. ಅದು ಯಾರು ಊದೋದು?

ಜೋಡಿರೀಡು:

ನಿಮ್ಮ ತಾತನಿಗೆ ನನ್ನ ನಮಸ್ಕಾರ ಹೇಳಿ. ಆ ‘ಬಿ’ ಸ್ವರ ಕೃತಿಯುದ್ದಕ್ಕೂ ಇರಬೇಕು, ತೀರಾ ಮೆಲ್ಲಗಿರಬೇಕು, ಅದು ಎಲ್ಲಿಂದ ಬರುತ್ತಿದೆ ಅನ್ನುವುದು ಕೇಳುಗರಿಗೆ ಕಾಣಬಾರದು ಅಂತ ಬೆರಿಯೋ ಬಯಸಿದ್ದಾರೆ. ಯಂತ್ರದಿಂದ ಬರಬಹುದು, ಮರೆಯಲ್ಲಿ ಕೂತು ಇನ್ನೊಬ್ಬರು ಊದಬಹುದು, ಮೊದಲೇ ಮುದ್ರಿಸಿದ ಓಬೋ ಆಗಿರಬಹುದು. ನಾನು ಅದನ್ನು ಇಷ್ಟು ವರ್ಷ ‘ಹಿನ್ನೆಲೆ’ ಅಂತ ಬಿಟ್ಟುಬಿಟ್ಟಿದ್ದೆ, ಓಬೋವನ್ನೇ ನೋಡುತ್ತಿದ್ದೆ. ಇವತ್ತು ಬೆಳಿಗ್ಗೆ ತಂಬೂರಿ ಆ್ಯಪ್‌ನಲ್ಲಿ ಆ ಸ್ವರ ಇಟ್ಟುಕೊಂಡು ಮೊದಲ ಸಾಲು ಊದಿದೆ. ಪ್ರತಿ ಸ್ವರಕ್ಕೂ ಒಂದು ನೆಲೆ ಸಿಕ್ಕಿತು.

ಈ ಭಾನುವಾರ ನನಗೆ ರಜೆ. ಓಬೋ ತೆಗೆದುಕೊಂಡು ಬಂದರೆ ತಾತ ಕೇಳುತ್ತಾರಾ?

ಓಲಗದ ಮನೆ:

ಭಾನುವಾರ ಮುಳಬಾಗಿಲಲ್ಲಿ ಮದುವೆ ಒಪ್ಪಿಕೊಂಡಿದ್ದೀವಿ ಅಕ್ಕ. ಸೋಮವಾರ ಬನ್ನಿ. ಒತ್ತು ತಾನೇ ಹಿಡೀತೀನಿ ಅಂತಿದ್ದಾರೆ, ಶ್ರುತಿ ಎಷ್ಟು ಅಂತ ಮುಂಚೇನೇ ಹೇಳಬೇಕಂತೆ.